ಎಂಆರ್‌ಐ ಉರಿಯೂತ ತೋರಿಸಿತು, ಕಾರಣ ಯಾರು ಹುಡುಕಬೇಕು?

ಬೆನ್ನುಹುರಿಯ ಎಂಆರ್‌ಐ ವರದಿಯ ಕೊನೆಯಲ್ಲಿ ‘ಟ್ರಾನ್ಸ್‌ವರ್ಸ್ ಮೈಲೈಟಿಸ್’ ಎಂದು ಬರೆದಿದ್ದರೆ ರೋಗಿಯ ಮನೆಯವರಿಗೆ ಅರ್ಧ ಸಮಾಧಾನ. ಕಾಯಿಲೆಗೊಂದು ಹೆಸರು ಸಿಕ್ಕಿತಲ್ಲ! ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ. ಗೋಡೆಯ ಮೇಲೆ ತೇವದ ಕಲೆ ಕಂಡಷ್ಟಕ್ಕೆ ಸೋರುತ್ತಿರುವುದು ತಾರಸಿಯೋ ಪೈಪೋ ತಿಳಿಯುವುದಿಲ್ಲ. ಫಿಲ್ಮಿನ ಮೇಲಿನ ಆ ಬಿಳಿ ಗುರುತೂ ಹಾಗೆಯೇ. ಬೆನ್ನುಹುರಿ ಎಲ್ಲಿ ಊದಿದೆ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಚಿಕಿತ್ಸೆ ನಿಂತಿರುವುದು ಮಾತ್ರ ಆ ‘ಯಾಕೆ’ಯ ಮೇಲೆ. ನಿಜವಾದ ಟ್ರಾನ್ಸ್‌ವರ್ಸ್ ಮೈಲೈಟಿಸ್ ಅಪರೂಪದ ಕಾಯಿಲೆ. ವರ್ಷಕ್ಕೆ 10 ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಎಂಬುದು ಪಠ್ಯಪುಸ್ತಕಗಳ ಲೆಕ್ಕ. ಅದರ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು ಬೇಕಾದಷ್ಟಿವೆ. ನರರೋಗ ವಿಭಾಗದಲ್ಲಿ ಕೂತು ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಿರಿಯ ವೈದ್ಯರ ಜೊತೆಗೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಫೈಲು ಹಿಡಿದು ಕೂತ ಮನೆಯವರಿಗೂ ಉಪಯೋಗವಾದೀತು.

1. ಮೊದಲು ದಿನ ಎಣಿಸಿ

“ಯಾವತ್ತಿಂದ ಹೀಗೆ?” ಎಂದರೆ “ಈಗ ಸ್ವಲ್ಪ ದಿನದಿಂದ ಸಾರ್” ಎಂಬ ಉತ್ತರ ಬರುತ್ತದೆ. ಅದು ಯಾವುದಕ್ಕೂ ಸಾಲದು. ಕೊನೆಯ ಸಲ ಯಾರ ಆಸರೆಯೂ ಇಲ್ಲದೆ ಬಸ್ಸು ಹತ್ತಿದ್ದು ಎಂದು? ಹೋದ ವಾರ ಸಂತೆಗೆ ನಡೆದು ಹೋದಿರಾ? ಹಬ್ಬದ ದಿನ ನೆಲದ ಮೇಲೆ ಊಟಕ್ಕೆ ಕೂತು ಒಬ್ಬರೇ ಎದ್ದಿರಾ? ಹೀಗೆ ಕೇಳಿದರೆ ಓದುಬರಹ ಇಲ್ಲದ ಅಜ್ಜಿಯೂ ದಿನ, ಹೊತ್ತು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ.

ಈ ಲೆಕ್ಕಕ್ಕೆ ಕಾರಣವಿದೆ. ಉರಿಯೂತದ ಕಾಯಿಲೆ ಶುರುವಾಗಿ ಅತಿ ಕೆಟ್ಟ ಸ್ಥಿತಿ ಮುಟ್ಟಲು ಸಾಮಾನ್ಯವಾಗಿ 4 ಗಂಟೆಗಿಂತ ಹೆಚ್ಚು, 21 ದಿನಕ್ಕಿಂತ ಕಡಿಮೆ ಸಮಯ ಹಿಡಿಯುತ್ತದೆ. 2002ರಲ್ಲಿ ತಜ್ಞರ ಗುಂಪೊಂದು ಮುಂದಿಟ್ಟ ಈ ಅಳತೆ ಇವತ್ತಿಗೂ ಹಾಸಿಗೆಯ ಪಕ್ಕದಲ್ಲಿ ಅತಿ ಅಗ್ಗದ ಪರೀಕ್ಷೆ. ಸ್ನಾನಕ್ಕೆ ಹೋದವರಿಗೆ ಬೆನ್ನಲ್ಲಿ ಚಳಕು ಬಂದು ಅರ್ಧ ಗಂಟೆಯೊಳಗೆ ಎರಡೂ ಕಾಲು ಬಿದ್ದು ಹೋದರೆ ನಾನು ರಕ್ತನಾಳದ ಕಡೆ ನೋಡುತ್ತೇನೆ. ಮಿದುಳಿಗೆ ಆಗುವಂತೆ ಬೆನ್ನುಹುರಿಗೂ ರಕ್ತ ಕಟ್ಟಿ ಪಾರ್ಶ್ವವಾಯು ಆಗುತ್ತದೆ. ಅಂಥವರಲ್ಲಿ ಸೂಜಿಯ ನೋವು, ಬಿಸಿ-ತಣ್ಣನೆಯ ಅರಿವು ಹೋಗಿದ್ದರೂ ಟ್ಯೂನಿಂಗ್ ಫೋರ್ಕಿನ ಕಂಪನ ತಿಳಿಯುವುದುಂಟು, ಏಕೆಂದರೆ ಬೆನ್ನುಹುರಿಯ ಹಿಂಭಾಗಕ್ಕೆ ಬೇರೆ ರಕ್ತನಾಳಗಳಿವೆ. ಇನ್ನೊಂದು ತುದಿಯಲ್ಲಿ, ಆರು ತಿಂಗಳಿಂದ ನಡಿಗೆ ಮೆಲ್ಲಮೆಲ್ಲನೆ ಕೆಡುತ್ತಾ ಬಂದಿದ್ದರೆ ಬೆನ್ನುಹುರಿಯ ಮೇಲಿನ ಒತ್ತಡ, ಜೀವಸತ್ವದ ಕೊರತೆ, ರಕ್ತನಾಳದ ತಪ್ಪು ಜೋಡಣೆ, ಗೆಡ್ಡೆ, ಇವುಗಳ ಪಟ್ಟಿ ಮೇಲೆ ಬರಬೇಕು. ವರದಿ ಏನೇ ಹೇಳಲಿ, ದಿನದ ಲೆಕ್ಕ ಅದಕ್ಕೆ ಹೊಂದದಿದ್ದರೆ ನಾನು ವರದಿಯನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಕೇಳುತ್ತೇನೆ.

2. ಚಪ್ಪಲಿ, ಬಚ್ಚಲು, ಉಡಿದಾರ

ನಮ್ಮ ಕಡೆಯ ನರರೋಗ ವೈದ್ಯರೆಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಚಪ್ಪಲಿ ಕಾಲಿನಿಂದ ಜಾರುತ್ತದೆಯೇ? ಜಾರಿದ್ದು ಗೊತ್ತಾಗುತ್ತದೆಯೇ? ಇವು ಎರಡು ಬೇರೆ ಪ್ರಶ್ನೆಗಳು. ಜಾರುವುದು ತಿಳಿದೂ ಬೆರಳಲ್ಲಿ ಹಿಡಿದುಕೊಳ್ಳಲು ಆಗದಿದ್ದರೆ ಅದು ಶಕ್ತಿಯ ತೊಂದರೆ. ಹತ್ತು ಹೆಜ್ಜೆ ಹೋದ ಮೇಲೆ ಬೇರೆಯವರು ಕೂಗಿ ಹೇಳಬೇಕಾದರೆ ಅದು ಸ್ಪರ್ಶದ ತೊಂದರೆ. ಮಂಡಿಯ ಮೇಲೆ ಸುತ್ತಿಗೆ ಬಡಿಯುವ ಮೊದಲೇ ಅರ್ಧ ವಿಷಯ ತಿಳಿದುಬಿಡುತ್ತದೆ.

ಎರಡನೆಯದು ಬಚ್ಚಲುಮನೆ. ತಲೆಗೆ ನೀರು ಹಾಕಿಕೊಂಡು ಕಣ್ಣು ಮುಚ್ಚಿದಾಗ ತೂರಾಡಿ ಗೋಡೆ ಹಿಡಿಯಬೇಕಾಗುತ್ತದೆಯೇ? ಕಾಲು ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಭಾಗದಿಂದ ಮೇಲೆ ಹೋಗುತ್ತಿಲ್ಲದಿದ್ದರೆ ಕಣ್ಣೇ ಆಧಾರ. ಕಣ್ಣು ಮುಚ್ಚಿದರೆ ಆಧಾರ ತಪ್ಪುತ್ತದೆ.

ಮೂರನೆಯದನ್ನು ರೋಗಿಗಳೇ ನನಗೆ ಕಲಿಸಿದ್ದು: “ಉಡಿದಾರ ಬಿಗಿಯಾದ ಹಾಗಿದೆ ಡಾಕ್ಟ್ರೇ, ಬಿಚ್ಚಿ ಹಾಕಿದರೂ ಹಾಗೇ ಇದೆ.” ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತೆ ಆಗುವುದು ಬೆನ್ನುಹುರಿಯ ಕಾಯಿಲೆಯ ಒಳ್ಳೆಯ ಸುಳಿವು. ಹೀಗೆ ಹೇಳಿದವರಲ್ಲಿ ಎಷ್ಟೋ ಜನ ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಮುಗಿಸಿಕೊಂಡೇ ನನ್ನ ಬಳಿ ಬಂದಿರುತ್ತಾರೆ. ಸೂಜಿಯ ಮೊನೆಯನ್ನು ಕಾಲಿನಿಂದ ಮೇಲಕ್ಕೆ ತರುತ್ತಾ ಹೋದರೆ ಒಂದು ಗೆರೆಯಲ್ಲಿ “ಹಾಂ, ಈಗ ಚುಚ್ಚಿತು” ಎನ್ನುತ್ತಾರೆ. ಮೊಲೆತೊಟ್ಟಿನ ಮಟ್ಟ ಎಂದರೆ ಬೆನ್ನುಹುರಿಯ ಎದೆಭಾಗದ ನಾಲ್ಕನೆಯ ಮಟ್ಟ (ಡಿ4), ಹೊಕ್ಕುಳ ಎಂದರೆ ಹತ್ತನೆಯದು (ಡಿ10). ತೊಂದರೆ ಆ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದೆ.

ಮೂತ್ರದ ವಿಷಯವನ್ನು ಅವರಾಗಿ ಹೇಳುವುದಿಲ್ಲ, ಹೆಂಗಸರಂತೂ ಹೇಳುವುದೇ ಇಲ್ಲ. ಕೇಳಲೇಬೇಕು. “ತೊಟ್ಟುತೊಟ್ಟು ಹೋಗುತ್ತಿದೆ” ಎಂದವರ ಮೂತ್ರಕೋಶ ತುಂಬಿ ತುಳುಕುತ್ತಿರಬಹುದು, ಅವರಿಗೆ ಅದರ ಅರಿವೂ ಇರುವುದಿಲ್ಲ. ಎರಡು ಕಾಲಿನ ಶಕ್ತಿಗುಂದುವಿಕೆಯ ಜೊತೆ ಮೂತ್ರ ಕಟ್ಟಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ.

3. ಉರಿಯೂತ ಎನ್ನುವ ಮೊದಲು ಒತ್ತಡ ಇಲ್ಲವೆಂದು ಖಚಿತ ಮಾಡಿಕೊಳ್ಳಿ

ಕಾಲಿನಲ್ಲಿ ಶಕ್ತಿ ಇಲ್ಲ ಎಂದಕೂಡಲೇ ಸೊಂಟದ ಎಂಆರ್‌ಐ ಬರೆದುಕೊಡುವುದು ನಮ್ಮಲ್ಲಿ ನಡೆದು ಬಂದ ರೂಢಿ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟಕ್ಕೇ ಮುಗಿದುಹೋಗುತ್ತದೆ, ಕೆಳಗೆ ಇರುವುದು ನರಗಳ ಗೊಂಚಲು. ಎದೆಮಟ್ಟದಲ್ಲೋ ಕುತ್ತಿಗೆಯಲ್ಲೋ ಇರುವ ಕಾಯಿಲೆ ಆ ಫಿಲ್ಮಿನಲ್ಲಿ ಬರುವುದೇ ಇಲ್ಲ. ಬರುವುದು ವಯಸ್ಸಾದ ಎಷ್ಟೋ ಜನರಲ್ಲಿ ಇರುವ ಒಂದೆರಡು ಜಾರಿದ ಡಿಸ್ಕು. ಆಮೇಲೆ ಅದಕ್ಕೇ ಬೆಲ್ಟು, ಮಾಲೀಷು, ಮಾತ್ರೆ. ಮಂಡಿಯ ಪ್ರತಿಕ್ರಿಯೆ ಜೋರಾಗಿದ್ದು ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೇಳುತ್ತಿದ್ದರೆ ಇಡೀ ಬೆನ್ನಿನ ಚಿತ್ರ ಬೇಕು. ಕಾರ್ಡಿನ ಮೇಲೆ ನಾನು ‘ಹೋಲ್ ಸ್ಪೈನ್’ ಎಂದು ಬರೆದು ಅಡಿಗೆರೆ ಎಳೆಯುತ್ತೇನೆ.

ನಮ್ಮ ನಾಡಿನಲ್ಲಿ ಒತ್ತಡಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಬೆನ್ನುಮೂಳೆಯ ಕ್ಷಯ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲೇ ಬೆನ್ನು ಗೂನಾಗಿ ಕಾಲು ಬೀಳುವುದನ್ನು ವಿವರಿಸಿದ್ದ. ರಾತ್ರಿ ಜ್ವರ, ತೂಕ ಇಳಿಕೆ, ಒಂದೇ ಕಡೆ ಬೆನ್ನುನೋವು, ಮುಟ್ಟಿದರೆ ನೋಯುವ ಮೂಳೆ ಇದ್ದರೆ ಅದನ್ನೇ ಮೊದಲು ಯೋಚಿಸಬೇಕು. ಬೇಗ ಹಿಡಿದರೆ ಇವರಲ್ಲಿ ಬಹಳಷ್ಟು ಜನ ನಡೆದುಕೊಂಡು ಮನೆಗೆ ಹೋಗುತ್ತಾರೆ.

ಇನ್ನೊಂದು ಕಾರಣ ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ನಮಗೆ ಮಾತ್ರ ದೊಡ್ಡದು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆಯಿಂದ ಬಂದವರಿಗೆ ನಾನು ಕುಡಿಯುವ ನೀರು ಯಾವುದು ಎಂದು ಕೇಳುತ್ತೇನೆ, ಹಲ್ಲು ತೋರಿಸಿ ಎನ್ನುತ್ತೇನೆ. ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರನ್ನು ದಶಕಗಟ್ಟಲೆ ಕುಡಿದವರ ಬೆನ್ನಿನ ಕಟ್ಟುನಾರುಗಳು ಮೂಳೆಯಾಗಿ ಬಲಿತು ಬೆನ್ನುಹುರಿಯನ್ನು ಸುತ್ತಲಿನಿಂದ ಹಿಸುಕುತ್ತವೆ. ಬಹುಕಾಲ ಹಿಸುಕಿದ ಬೆನ್ನುಹುರಿಯೂ ಎಂಆರ್‌ಐಯಲ್ಲಿ ಬೆಳ್ಳಗೆ ಕಾಣುತ್ತದೆ. ಬಣ್ಣದ ಇಂಜೆಕ್ಷನ್ ಕೊಟ್ಟರೆ ಹೊಳೆಯುವುದೂ ಉಂಟು. ಅದನ್ನು ಉರಿಯೂತವೆಂದು ಓದಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ಕೊಟ್ಟರೆ ಶಸ್ತ್ರಚಿಕಿತ್ಸೆಯ ಕಾಲ ಮೀರಿಹೋಗುತ್ತದೆ.

4. ಬಿ12 ನೋಡದೆ ಮುಂದೆ ಹೋಗಬೇಡಿ

ಸಸ್ಯಾಹಾರಿ ಮನೆಗಳು ಹೆಚ್ಚಿರುವ, ಹಾಲನ್ನೂ ಅಳೆದು ಕುಡಿಯುವ ನಾಡಿನಲ್ಲಿ ಈ ಮಾತನ್ನು ಇಷ್ಟು ಸಲ ಹೇಳಬೇಕಾಗಿ ಬಂದಿರುವುದು ನನಗೆ ಸೋಜಿಗ. ಬಿ12 ಸಹಜವಾಗಿ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ತಿಂದರೂ ಸಾಲದು, ಜಠರ ಮತ್ತು ಸಣ್ಣಕರುಳು ಅದನ್ನು ಹೀರಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು, ಬೆಳಗೆದ್ದರೆ ‘ಗ್ಯಾಸ್ ಮಾತ್ರೆ’ ಬೇಕೇಬೇಕು ಎನ್ನುವವರು, ಹೊಟ್ಟೆಯ ಆಪರೇಷನ್ ಆದವರು, ಇವರೆಲ್ಲರಲ್ಲೂ ಹೀರಿಕೆ ಕುಗ್ಗುತ್ತದೆ. ಮಾಂಸಾಹಾರಿ ಎಂಬ ಕಾರಣಕ್ಕೆ ಪರೀಕ್ಷೆ ಬಿಡುವುದು ತಪ್ಪು; ಜಠರದ ಒಳಪದರಕ್ಕೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದಿದ್ದರೆ ದಿನಾ ಕೋಳಿ ತಿಂದರೂ ಕೊರತೆ ಆಗುತ್ತದೆ.

ಇಲ್ಲಿ ಮೂರು ಬಲೆಗಳಿವೆ. ಒಂದು, ರಕ್ತ ತೆಗೆಯುವ ಮೊದಲೇ ಊರಿನ ಡಾಕ್ಟರು ‘ಶಕ್ತಿ ಬರಲಿ’ ಎಂದು ಕೆಂಪು ಬಣ್ಣದ ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟಿರುತ್ತಾರೆ. ಆಮೇಲೆ ತೆಗೆದ ರಕ್ತದಲ್ಲಿ ಬಿ12 ಧಾರಾಳವಾಗಿ ಕಾಣುತ್ತದೆ. ಆದ್ದರಿಂದ ನಾನು ಇಂಜೆಕ್ಷನ್ ಚರಿತ್ರೆಯನ್ನು ಮೊದಲು ಕೇಳುತ್ತೇನೆ. ಸಂಶಯವಿದ್ದರೆ ಹೋಮೋಸಿಸ್ಟೀನ್, ಮೀಥೈಲ್‌ಮೆಲೋನಿಕ್ ಆಮ್ಲ ನೋಡುತ್ತೇನೆ. ಎರಡು, ರಕ್ತಹೀನತೆ ಇಲ್ಲದೆಯೂ ಬೆನ್ನುಹುರಿ ಕೆಡಬಹುದು. ಬರೀ ಫೋಲಿಕ್ ಆಮ್ಲ ಕೊಟ್ಟರೆ ಹಿಮೋಗ್ಲೋಬಿನ್ ಏರುತ್ತದೆ, ನರ ಮಾತ್ರ ಕೆಡುತ್ತಲೇ ಹೋಗುತ್ತದೆ. ಮೂರು, ನೈಟ್ರಸ್ ಆಕ್ಸೈಡ್. ಅರಿವಳಿಕೆಗೆ ಬಳಸುವ ಈ ಅನಿಲ ದೇಹದ ಬಿ12 ಅನ್ನು ನಿಷ್ಕ್ರಿಯ ಮಾಡುತ್ತದೆ. ಮೊದಲೇ ಕೊರತೆ ಇದ್ದವರಲ್ಲಿ ಆಪರೇಷನ್ ಚೆನ್ನಾಗಿ ಮುಗಿದ ಕೆಲವು ವಾರಗಳಿಗೆ ಕಾಲು ಜೋಮು ಹಿಡಿದು ನಡಿಗೆ ತಪ್ಪುವುದುಂಟು. ಮಹಾನಗರಗಳ ಪಾರ್ಟಿಗಳಲ್ಲಿ ಬಲೂನಿನಲ್ಲಿ ಅದನ್ನೇ ಎಳೆಯುವ ಹುಡುಗರಿಗೂ ಇದೇ ಗತಿ.

ಬಿ12 ಸರಿಯಾಗಿದ್ದೂ ಕಾಯಿಲೆಯ ಚಿತ್ರ ಅದರ ಕೊರತೆಯಂತೆಯೇ ಇದ್ದರೆ ತಾಮ್ರದ ಮಟ್ಟ ನೋಡಿ. ಜಠರದ ಆಪರೇಷನ್ ಆದವರಲ್ಲಿ, ಸತುವಿನ ಮಾತ್ರೆಗಳನ್ನು ಲೆಕ್ಕವಿಲ್ಲದೆ ನುಂಗಿದವರಲ್ಲಿ ಅದು ಕುಸಿದಿರುತ್ತದೆ.

5. ‘ಮೊದಲು ಜ್ವರ ಬಂದಿತ್ತು’ ಎಂಬುದಕ್ಕೆ ಎರಡು ಅರ್ಥ

ರೋಗಾಣು ಬೆನ್ನುಹುರಿಗೇ ನುಗ್ಗಿರಬಹುದು. ಇಲ್ಲವೇ ರೋಗಾಣುವನ್ನು ಓಡಿಸಲು ಎದ್ದ ರಕ್ಷಣಾ ವ್ಯವಸ್ಥೆ ಜ್ವರ ಬಿಟ್ಟ ಮೇಲೆ ದಾರಿ ತಪ್ಪಿ ಬೆನ್ನುಹುರಿಯ ಮೇಲೆ ಬಿದ್ದಿರಬಹುದು. ಮೊದಲನೆಯದಕ್ಕೆ ರೋಗಾಣುವಿಗೆ ಔಷಧ, ಎರಡನೆಯದಕ್ಕೆ ಸ್ಟೀರಾಯ್ಡ್. ಸರ್ಪಸುತ್ತು ಎದ್ದ ಕಡೆಯೇ ಬೆನ್ನುಹುರಿಯ ಮಟ್ಟವೂ ಸಿಕ್ಕರೆ ಎಸೈಕ್ಲೋವಿರ್ ಶುರುಮಾಡಲು ಬೇರೆ ವರದಿ ಕಾಯಬೇಕಿಲ್ಲ. ಡೆಂಗ್ಯೂ, ಚಿಕೂನ್‌ಗುನ್ಯಾ ನಂತರವೂ ಮೈಲೈಟಿಸ್ ಬರುವುದುಂಟು. ಕುರಿ ಸಾಕುವವರಲ್ಲಿ, ಹಸಿ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲಾ ನೆನಪಿರಲಿ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳನ್ನು ಮುಖ ನೋಡಿ ಬಿಡಬಾರದು. ಎಲ್ಲರಿಗೂ ಮಾಡಿಸಿದರೆ ಯಾರಿಗೂ ಅವಮಾನವಿಲ್ಲ.

ಲಸಿಕೆಯ ಪ್ರಶ್ನೆ ಬಂದೇ ಬರುತ್ತದೆ. ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ನಮ್ಮ ತಲೆಮಾರಿಗೆ ಚೆನ್ನಾಗಿ ನೆನಪಿದೆ. ಆ ಸೆಂಪಲ್ ಲಸಿಕೆಯನ್ನು ಕುರಿಯ ಮಿದುಳಿನ ಅಂಗಾಂಶದಿಂದ ಮಾಡುತ್ತಿದ್ದರು. ಅದರಲ್ಲಿದ್ದ ಮಯಲಿನ್ ಎಂಬ ನರದ ಹೊದಿಕೆಯ ವಿರುದ್ಧ ಕೆಲವರ ದೇಹ ಕೆರಳಿ, ಅದೇ ಕೋಪ ಅವರ ಸ್ವಂತ ಬೆನ್ನುಹುರಿಗೆ ತಿರುಗುತ್ತಿತ್ತು. ಆ ಅಪಾಯ ನಿಜವಾದದ್ದೇ. 2004ರ ಕೊನೆಗೆ ಭಾರತದಲ್ಲಿ ಅದರ ತಯಾರಿಕೆ ನಿಂತಿತು. ಈಗಿನ ರೇಬೀಸ್ ಲಸಿಕೆಯಲ್ಲಿ ಮಿದುಳಿನ ಅಂಗಾಂಶ ಇಲ್ಲ, ಅದನ್ನು ತೋಳಿಗೆ ಕೊಡುತ್ತಾರೆ, ಹಳೆಯ ಕತೆ ಹೇಳಿ ಯಾರೂ ಅದನ್ನು ತಪ್ಪಿಸಬಾರದು. 2020ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯ ಪ್ರಯೋಗವನ್ನು ಕೆಲದಿನ ತಡೆಹಿಡಿದದ್ದೂ ಒಬ್ಬರಲ್ಲಿ ಟ್ರಾನ್ಸ್‌ವರ್ಸ್ ಮೈಲೈಟಿಸ್ ಶಂಕೆ ಮೂಡಿದ್ದರಿಂದಲೇ. ಕೋಟ್ಯಂತರ ಜನ ಲಸಿಕೆ ಪಡೆದ ವರ್ಷದಲ್ಲಿ ಪ್ರತಿವರ್ಷ ಬರುವ ಮೈಲೈಟಿಸ್ ಕೂಡ ಬಂದೇ ಇರುತ್ತದೆ. ಹಿಂದೆ-ಮುಂದೆ ಬಂದದ್ದಕ್ಕೆಲ್ಲ ಕಾರಣದ ಪಟ್ಟ ಕಟ್ಟಿದರೆ ನಿಜವಾದ ಕಾರಣ ಹುಡುಕುವುದು ಅಲ್ಲಿಗೇ ನಿಂತುಹೋಗುತ್ತದೆ. ಅದೇ ನನಗೆ ಹೆಚ್ಚಿನ ಚಿಂತೆ.

6. ಬೆನ್ನಿನ ನೀರಿನ ಭಯ

“ಬೆನ್ನಿಂದ ನೀರು ತೆಗೆದರೆ ಕಾಲು ಹೋಗುತ್ತದಂತೆ” ಎಂದು ಸಹಿ ಹಾಕದೆ ಎದ್ದು ಹೋದವರಿದ್ದಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಎರಡು ದಿನ ತಲೆನೋವು ಬರಬಹುದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ನೀರಿನಲ್ಲಿ ಬಿಳಿಕಣ ಎಷ್ಟು, ಸಕ್ಕರೆ ಇಳಿದಿದೆಯೇ, ಕ್ಷಯದ ಸುಳಿವಿದೆಯೇ, ಆಲಿಗೋಕ್ಲೋನಲ್ ಬ್ಯಾಂಡ್ ಇವೆಯೇ ಎಂಬ ನಾಲ್ಕು ಉತ್ತರಗಳು ಪಟ್ಟಿಯನ್ನು ಅರ್ಧಕ್ಕಿಳಿಸುತ್ತವೆ. ಕ್ಷಯದ ಅನುಮಾನವಿದ್ದಾಗ ಈ ನೀರು ನೋಡದೆ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಮುಟ್ಟಲು ನನಗೆ ಧೈರ್ಯವಿಲ್ಲ.

7. ಊತದ ಉದ್ದ ಅಳೆಯಿರಿ, ಬಿಕ್ಕಳಿಕೆ ಕೇಳಿ

ಊತ ಮೂರು ಅಥವಾ ಹೆಚ್ಚು ಬೆನ್ನುಮೂಳೆಗಳಷ್ಟು ಉದ್ದವಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಸಾಮಾನ್ಯವಾಗಿ ಗುರುತು ಸಣ್ಣದು, ಬೆನ್ನುಹುರಿಯ ಒಂದು ಬದಿಗೆ. ಉದ್ದದ ಊತದ ಹಿಂದೆ ನ್ಯೂರೋಮೈಲೈಟಿಸ್ ಆಪ್ಟಿಕಾ ಇರಬಹುದು. 1894ರಲ್ಲಿ ಫ್ರಾನ್ಸಿನ ಯೂಜೀನ್ ಡೆವಿಕ್ ಕಣ್ಣಿನ ನರ ಮತ್ತು ಬೆನ್ನುಹುರಿ ಎರಡೂ ಕೆಡುವ ಈ ಕಾಯಿಲೆಯನ್ನು ವಿವರಿಸಿದ. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಬಗೆ ಎಂದೇ ಬಹಳ ಜನ ನಂಬಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ರಕ್ತದಲ್ಲಿ ಒಂದು ಪ್ರತಿಕಾಯ ಕಂಡುಹಿಡಿದ ಮೇಲೆ ಇದು ಬೇರೆಯದೇ ಕಾಯಿಲೆ ಎಂದು ಖಚಿತವಾಯಿತು. ಜೀವಕೋಶದ ನೀರಿನ ಬಾಗಿಲಾದ ಅಕ್ವಾಪೊರಿನ್-4ರ ಮೇಲೆ ಆ ಪ್ರತಿಕಾಯ ದಾಳಿ ಮಾಡುತ್ತದೆ. ಇದಕ್ಕೆ ತುತ್ತಾಗುವವರಲ್ಲಿ ಹೆಂಗಸರೇ ಬಹುಪಾಲು.

ಇದು ಬರೀ ಹೆಸರಿನ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಬೀಟಾ ಇಂಟರ್‌ಫೆರಾನ್, ನಟಾಲಿಜುಮ್ಯಾಬ್, ಫಿಂಗೋಲಿಮಾಡ್ ಇಲ್ಲಿ ಕಾಯಿಲೆಯನ್ನು ಕೆರಳಿಸಬಲ್ಲವು. ಮತ್ತೆ ದಾಳಿ ಆಗುವ ಸಂಭವ ಹೆಚ್ಚು, ಒಂದೊಂದು ದಾಳಿಯೂ ಸ್ವಲ್ಪ ಶಕ್ತಿಯನ್ನೋ ದೃಷ್ಟಿಯನ್ನೋ ಕಿತ್ತುಕೊಂಡು ಹೋಗುತ್ತದೆ. ಸರಿಯಾಗಿ ಗುರುತಿಸಿದರೆ ರಿಟುಕ್ಸಿಮ್ಯಾಬ್, ಅಜಥಯೋಪ್ರಿನ್‌ನಂಥ ಔಷಧಗಳಿಂದ ಮುಂದಿನ ದಾಳಿಗಳನ್ನು ಬಹುಮಟ್ಟಿಗೆ ತಡೆಯಬಹುದು.

ಹಾಗಾಗಿ ಹಳೆಯದನ್ನು ಕೆದಕಿ ಕೇಳುತ್ತೇನೆ. ಹಿಂದೆ ಯಾವಾಗಲಾದರೂ ಕಣ್ಣು ನೋವಾಗಿ ಮಂಜಾಗಿತ್ತೇ? ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಬಂದು, ಎಂಡೋಸ್ಕೋಪಿಯಲ್ಲಿ ಏನೂ ಸಿಗದೆ ತಾನಾಗಿ ನಿಂತದ್ದುಂಟೇ? ವಾಂತಿಯ ಕೇಂದ್ರ ಮಿದುಳಿನ ಬುಡದಲ್ಲಿದೆ, ಈ ಕಾಯಿಲೆಗೆ ಆ ಜಾಗ ಬಲು ಇಷ್ಟ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಮಾಗ್ (MOG) ಎಂಬ ಇನ್ನೊಂದು ಪ್ರತಿಕಾಯವನ್ನೂ ಹುಡುಕಬೇಕು. ಅವರು ಚೇತರಿಸಿಕೊಳ್ಳುವುದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎರಡನ್ನೂ ಜೀವಂತ ಕೋಶ ಬಳಸುವ ‘ಸೆಲ್ ಬೇಸ್ಡ್’ ವಿಧಾನದಿಂದ ನೋಡಿಸಿದರೆ ಫಲಿತಾಂಶ ಹೆಚ್ಚು ನಂಬಲರ್ಹ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಈ ಕಾಯಿಲೆಗಳ ಮೇಲೆ ಮಾಡಿದ ಕೆಲಸದಿಂದ ನಮ್ಮ ರೋಗಿಗಳ ಬಗ್ಗೆ ನಮಗೇ ತಿಳಿವಳಿಕೆ ಬಂದಿದೆ. ಒಂದು ಸಣ್ಣ ಎಚ್ಚರಿಕೆ: ಪ್ಲಾಸ್ಮಾ ಬದಲಾವಣೆ ಶುರುಮಾಡುವ ಮುಂಚೆ ರಕ್ತ ತೆಗೆದಿಡಿ. ಆಮೇಲೆ ತೆಗೆದರೆ ಪ್ರತಿಕಾಯ ತೊಳೆದು ಹೋಗಿರುತ್ತದೆ.

ಉದ್ದದ ಊತಕ್ಕೆ ಲೂಪಸ್, ಶೋಗ್ರೆನ್, ಸಾರ್ಕಾಯ್ಡೋಸಿಸ್ ಕೂಡ ಕಾರಣವಾಗಬಹುದು. ಬಾಯಿ ಒಣಗುವುದು, ಕೀಲುನೋವು, ಬಿಸಿಲಿಗೆ ಕೆಂಪಾಗುವ ಕೆನ್ನೆ, ಪದೇಪದೇ ಗರ್ಭಪಾತ, ಎದೆಯ ಎಕ್ಸ್‌ರೇಯಲ್ಲಿ ಊದಿದ ಗ್ರಂಥಿ ಇವುಗಳನ್ನು ಕೇಳಿ, ನೋಡಿ.

8. ಸ್ಟೀರಾಯ್ಡ್ ಕೊಟ್ಟ ಮೇಲೆ ಹೆಚ್ಚಾದರೆ ನಿಲ್ಲಿಸಿ ಯೋಚಿಸಿ

ಮೀಥೈಲ್ ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ, ಅದಕ್ಕೆ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ, ಇದು ಬಹುತೇಕ ಎಲ್ಲ ಕಡೆ ನಡೆಯುವ ಕ್ರಮ. ಆದರೆ ಐವತ್ತು ದಾಟಿದ ಗಂಡಸು, ತಿಂಗಳುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಡುತ್ತಿರುವ ನಡಿಗೆ, ಸ್ವಲ್ಪ ದೂರ ನಡೆದರೆ ಕಾಲು ಸೋಲುವುದು, ಕೂತರೆ ಸುಧಾರಿಸುವುದು, ಮೇಲೆ ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನದಲ್ಲಿ ಕಾಲು ಪೂರ್ತಿ ಬಿದ್ದುಹೋದದ್ದು ಎಂಬ ಕತೆ ಬಂದರೆ ಬೆನ್ನುಹುರಿಯ ಹೊದಿಕೆಯಲ್ಲಿ ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿಕೊಂಡಿರಬಹುದು. ಡ್ಯೂರಲ್ ಫಿಸ್ಟುಲಾ ಎನ್ನುತ್ತೇವೆ. ಹೊರಹೋಗಬೇಕಾದ ರಕ್ತ ಹಿಂದೆ ಒತ್ತಿ ಬೆನ್ನುಹುರಿ ಊದಿಕೊಳ್ಳುತ್ತದೆ, ಉರಿಯೂತದ ಹಾಗೇ ಕಾಣುತ್ತದೆ. ಎಂಆರ್‌ಐಯಲ್ಲಿ ಬೆನ್ನುಹುರಿಯ ಹಿಂದೆ ಸಣ್ಣ ಕಪ್ಪು ಚುಕ್ಕೆಗಳ ಸಾಲು ಕಂಡರೆ ಆಂಜಿಯೋಗ್ರಾಂ ಮಾಡಿಸಬೇಕು. ಆ ಕೂಡಿಕೆಯನ್ನು ಮುಚ್ಚಿಬಿಟ್ಟರೆ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ. ರೇಡಿಯಾಲಜಿಸ್ಟ್ ಜೊತೆ ಕೂತು ಫಿಲ್ಮನ್ನು ಎರಡನೆಯ ಸಲ ನೋಡಲು ಹತ್ತು ನಿಮಿಷ ಸಾಕು.

9. ಎಂಆರ್‌ಐ ಸರಿಯಿದ್ದರೆ ‘ಏನೂ ಇಲ್ಲ’ ಎನ್ನಬೇಡಿ

ಮೊದಲ ದಿನದ ಎಂಆರ್‌ಐ ಏನೂ ತೋರಿಸದಿರಬಹುದು. ಲಕ್ಷಣ ಗಟ್ಟಿಯಾಗಿದ್ದರೆ ಒಂದು ವಾರದೊಳಗೆ ಮತ್ತೆ ಮಾಡಿಸಬೇಕು. ಕಾಲಿನಿಂದ ಕೈಗೆ ಏರುವ ಶಕ್ತಿಗುಂದುವಿಕೆ, ಕಾಣೆಯಾದ ಮಂಡಿ ಪ್ರತಿಕ್ರಿಯೆ, ಮೈಮೇಲೆ ಎಲ್ಲೂ ಸಿಗದ ಗೆರೆ ಇದ್ದರೆ ತೊಂದರೆ ಬೆನ್ನುಹುರಿಯದ್ದಲ್ಲ, ಅದರಿಂದ ಹೊರಟ ನರಗಳದ್ದು. ಗಿಲಾನ್-ಬಾರೆ ಎಂಬ ಆ ಕಾಯಿಲೆಯಲ್ಲಿ ಉಸಿರಾಟದ ಮೇಲೆ ಕಣ್ಣಿಡಬೇಕು. ಬೆನ್ನುಹುರಿಗೆ ಹಠಾತ್ ಪೆಟ್ಟು ಬಿದ್ದ ಮೊದಲ ದಿನಗಳಲ್ಲೂ ಪ್ರತಿಕ್ರಿಯೆ ಸತ್ತಿರುತ್ತದೆ, ಹಾಗಾಗಿ ಒಂದೇ ಸಲ ನೋಡಿ ತೀರ್ಮಾನಿಸುವಂತಿಲ್ಲ.

ಎಲ್ಲ ಪರೀಕ್ಷೆ ಸರಿಯಿದ್ದೂ ಕಾಲು ಏಳದ ಹುಡುಗಿಗೆ ‘ನಾಟಕ’ ಎಂಬ ಪಟ್ಟ ಕಟ್ಟುವುದು ನನಗೆ ಸಹಿಸಲಾಗದ ಸಂಗತಿ. ಕಾಲು ತಾನಾಗಿ ಕೆಳಗೆ ಒತ್ತಲಾರದು, ಆದರೆ ಇನ್ನೊಂದು ಕಾಲು ಎತ್ತಿಸುವಾಗ ಅದೇ ಕಾಲಿನ ಹಿಮ್ಮಡಿ ಬಲವಾಗಿ ಒತ್ತುತ್ತದೆ. ಇದು ಹೂವರ್ ಚಿಹ್ನೆ, 1908ರಿಂದ ಬಳಕೆಯಲ್ಲಿದೆ. ಅದನ್ನು ರೋಗಿಗೇ ತೋರಿಸಿ, “ನೋಡಮ್ಮ, ದಾರಿ ಸರಿಯಿದೆ, ಸುದ್ದಿ ಹೋಗುವುದು ತಪ್ಪುತ್ತಿದೆ, ಇದಕ್ಕೂ ಚಿಕಿತ್ಸೆ ಇದೆ” ಎಂದು ಹೇಳಬಹುದು. ಅದೂ ನಿಜವಾದ ಕಾಯಿಲೆಯೇ.

10. ಕಾರಣ ಸಿಗುವವರೆಗೆ ಮೈ ಕಾಯಬೇಕು

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೂತ್ರ ಕಟ್ಟಿದ್ದರೆ ನಳಿಕೆ. ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಚೀಲ, ಇಟ್ಟಿಗೆ ಕಾಯಿಸಿ ಶಾಖ ಕೊಡುವುದು ಬೇಡವೇ ಬೇಡ. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಒಂದು ಕಾಲಿನ ಮೀನಖಂಡ ಊದಿದರೆ ಆ ದಿನವೇ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಫಿಸಿಯೋಥೆರಪಿ ರೋಗದ ಹೆಸರಿಗಾಗಿ ಕಾಯಬೇಕಿಲ್ಲ.

11. ಎಲ್ಲ ಹುಡುಕಿದ ಮೇಲೂ ಸಿಗದಿದ್ದರೆ

ಕೆಲವರಲ್ಲಿ ಕಾರಣ ಸಿಗುವುದಿಲ್ಲ. ಆಗ ‘ಕಾರಣ ತಿಳಿಯದ ಮೈಲೈಟಿಸ್’ ಎಂದು ಬರೆಯುತ್ತೇವೆ. ಹಿಂದೆ ಹೀಗೆ ಬರೆಸಿಕೊಂಡವರಲ್ಲಿ ಕೆಲವರಿಗೆ ಪ್ರತಿಕಾಯ ಪರೀಕ್ಷೆಗಳು ಬಂದ ಮೇಲೆ ಉತ್ತರ ಸಿಕ್ಕಿದೆ, ಆದ್ದರಿಂದ ಆ ಹೆಸರನ್ನು ನಾನು ಪೆನ್ಸಿಲಿನಲ್ಲಿ ಬರೆದದ್ದೆಂದೇ ಭಾವಿಸುತ್ತೇನೆ. ಚೇತರಿಕೆಯ ಬಗ್ಗೆ ನಾವು ಹೇಳುವ ಒರಟು ಲೆಕ್ಕ ಇದು: ಮೂರರಲ್ಲಿ ಒಬ್ಬರು ಚೆನ್ನಾಗಿ ಸುಧಾರಿಸುತ್ತಾರೆ, ಒಬ್ಬರಿಗೆ ಒಂದಷ್ಟು ಊನ ಉಳಿಯುತ್ತದೆ, ಒಬ್ಬರಿಗೆ ಹೆಚ್ಚಿನ ಆಸರೆ ಬೇಕಾಗುತ್ತದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಹೆಚ್ಚು ಸುಧಾರಣೆ ಕಂಡರೂ ಎರಡು ವರ್ಷದವರೆಗೂ ಅದು ನಿಧಾನವಾಗಿ ನಡೆಯುತ್ತಿರಬಹುದು.

ಇಂಥವರಿಗೆ ನಾನು ಮನೆಗೆ ಹೋಗುವಾಗ ಕೊಡುವ ಪಟ್ಟಿ ಚಿಕ್ಕದು. ಎಂಆರ್‌ಐ ವರದಿಯ ಕಾಗದದ ಜೊತೆ ಸಿಡಿಯನ್ನೂ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಹೋಲಿಸಿ ನೋಡಬೇಕಾದರೆ ಕಾಗದ ಸಾಲದು. ಎಷ್ಟು ಸ್ಟೀರಾಯ್ಡ್, ಯಾವ ತಾರೀಖು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕಣ್ಣು ನೋವಿನೊಂದಿಗೆ ಮಂಜಾದರೆ, ಬಿಕ್ಕಳಿಕೆ ಎರಡು ದಿನಕ್ಕೂ ನಿಲ್ಲದಿದ್ದರೆ, ಹೊಸ ಜೋಮು ಒಂದು ದಿನಕ್ಕಿಂತ ಹೆಚ್ಚು ಉಳಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಬನ್ನಿ. ಜ್ವರ ಬಂದಾಗಲೋ ಬೇಸಿಗೆಯ ಸೆಕೆಯಲ್ಲೋ ಹಳೆಯ ಜೋಮು ಸ್ವಲ್ಪ ಹೆಚ್ಚಾಗಿ, ಮೈ ತಣಿದ ಮೇಲೆ ಇಳಿದರೆ ಅದು ಹೊಸ ದಾಳಿಯಲ್ಲ, ಗಾಬರಿ ಬೇಡ. ಪ್ರತಿಕಾಯದ ಪರೀಕ್ಷೆ ಮೊದಲ ಸಲ ಇಲ್ಲವೆಂದು ಬಂದಿದ್ದರೂ ಮೂರರಿಂದ ಆರು ತಿಂಗಳ ನಂತರ ಮತ್ತೊಮ್ಮೆ ಮಾಡಿಸೋಣ.